ಬೆಳ್ಳಿ ಹಾಕಿದರೆ ಲಾರಿಗೆ ಯೂರಿಯಾ ಬೇಡವೇ? ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಲಾರಿ, ಟಿಪ್ಪರ್ ಇಟ್ಟವರ ಗ್ರೂಪುಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಸುತ್ತಾಡುತ್ತವೆ. ಒಂದು: ಹೊಸ ಡೀಸೆಲ್ ಗಾಡಿಗೆ ಹಾಕುವ ನೀಲಿ ಕ್ಯಾನಿನ ನೀರು ನಮ್ಮ ಹೊಲದ ಯೂರಿಯಾನೇ, ಮನೆಯಲ್ಲೇ ಕಲಸಿಕೊಳ್ಳಬಹುದು. ಎರಡು: ಸೈಲೆನ್ಸರಿನೊಳಗೆ ಬೆಳ್ಳಿ ಇರುತ್ತದೆ, ಕಳ್ಳರು ಅದನ್ನು ಬಿಚ್ಚುವುದು ಅದಕ್ಕೇ. ಮೂರು: ಬೆಳ್ಳಿಯಿಂದ ಹೊಗೆ ಶುದ್ಧ ಮಾಡುವ ವಿದ್ಯೆ ಕಂಡುಹಿಡಿದು ಎಷ್ಟೋ ವರ್ಷ ಆಯಿತು, ಯೂರಿಯಾ ಮಾರುವವರು ಅದನ್ನು ಮುಚ್ಚಿಟ್ಟಿದ್ದಾರೆ.

ನನ್ನ ಮಾವನೊಬ್ಬ ಟಿಪ್ಪರ್ ಓಡಿಸುತ್ತಾನೆ. ಮೂರನೆಯ ಮಾತನ್ನು ಕೇಳಿದ್ದು ಅವನೇ: "ಏನಪಾ, ಬೆಳ್ಳಿ ಹಾಕಿದ್ರ ಯೂರಿಯಾ ಬೇಕಾಗಂಗಿಲ್ಲಂತ, ಖರೇ ಏನು?"

ಅವಸರದಲ್ಲಿ ಇರುವವರಿಗೆ ಉತ್ತರ ಇಲ್ಲೇ ಇದೆ. ಮೊದಲನೆಯದು ಗಾಡಿಯನ್ನೇ ಕೆಡಿಸುವ ಅರ್ಧ ನಿಜ. ಎರಡನೆಯದರಲ್ಲಿ ಕಳ್ಳತನ ನಿಜ, ಲೋಹದ ಹೆಸರು ತಪ್ಪು. ಮೂರನೆಯದರಲ್ಲಿ ವಿಜ್ಞಾನ ನಿಜ, ಮುಚ್ಚಿಟ್ಟಿದ್ದಾರೆ ಅನ್ನುವುದು ಸುಳ್ಳು. ಯಾಕೆ ಅಂತ ತಿಳಿಯಬೇಕಾದರೆ ಹೊಗೆಯಿಂದಲೇ ಶುರು ಮಾಡಬೇಕು.

ಕಣ್ಣಿಗೆ ಕಾಣದ ಹೊಗೆ

ಲಾರಿ ಹೊಗೆ ಅಂದರೆ ನಮ್ಮ ಕಣ್ಣಿಗೆ ಬರುವುದು ಕಪ್ಪು ಮಸಿ. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ನಾವು ಉಸಿರಾಡುವ ಗಾಳಿಯಲ್ಲಿ 78 ಭಾಗ ಸಾರಜನಕ, ಅಂದರೆ ನೈಟ್ರೋಜನ್. ಸಾಮಾನ್ಯವಾಗಿ ಅದು ಯಾರ ಗೋಜಿಗೂ ಹೋಗದ ಅನಿಲ. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗೆ ಬೆಂಕಿ ಉರಿಯುವ ಜಾಗದಲ್ಲಿ ಮಾತ್ರ ಶಾಖ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಕಾವಿನಲ್ಲಿ ಸಾರಜನಕವೂ ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ಹುಟ್ಟುವುದು ನೈಟ್ರಿಕ್ ಆಕ್ಸೈಡ್. ಹೊರಗೆ ಬಂದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಎರಡನ್ನೂ ಸೇರಿಸಿ ನಾಕ್ಸ್ ಅನ್ನುತ್ತಾರೆ.

ಗಮನಿಸಿ, ಇದು ಕಲಬೆರಕೆ ಡೀಸೆಲಿನಿಂದ ಬರುವ ವಿಷ ಅಲ್ಲ. ಎಷ್ಟೇ ಒಳ್ಳೆಯ ಡೀಸೆಲ್ ಹಾಕಿ, ಎಂಜಿನ್ ಎಷ್ಟೇ ಚೆನ್ನಾಗಿ ಇಟ್ಟುಕೊಳ್ಳಿ, ನಾಕ್ಸ್ ಬಂದೇ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ದಕ್ಷವಾಗಿ ಉರಿದಾಗಲೇ ಅದು ಜಾಸ್ತಿ.

ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಇದ್ದವರಿಗೆ, ಮಕ್ಕಳಿಗೆ ಹೆಚ್ಚು. ಬಿಸಿಲಿನಲ್ಲಿ ಇತರ ಅನಿಲಗಳ ಜೊತೆ ಸೇರಿ ನೆಲಮಟ್ಟದ ಓಝೋನ್ ಹುಟ್ಟಿಸುತ್ತದೆ. ಆ ಓಝೋನ್ ಪಟ್ಟಣದಲ್ಲೇ ಕೂರುವುದಿಲ್ಲ, ಗಾಳಿ ಬೀಸಿದ ಕಡೆ ಹಳ್ಳಿಗೂ ಬರುತ್ತದೆ, ಗೋಧಿ, ಸೋಯಾದಂಥ ಬೆಳೆಗಳ ಇಳುವರಿಯನ್ನೂ ತಗ್ಗಿಸುತ್ತದೆ. ಭಾರತದ ಮಾನದಂಡದಂತೆ ವರ್ಷದ ಸರಾಸರಿ ನೈಟ್ರೋಜನ್ ಡೈಆಕ್ಸೈಡ್ ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯೂ ಮೊದಲು 40 ಅಂತಲೇ ಹೇಳುತ್ತಿತ್ತು. 2021ರಲ್ಲಿ ಅದನ್ನು 10ಕ್ಕೆ ಇಳಿಸಿತು. ಕಡಿಮೆ ಪ್ರಮಾಣದಲ್ಲೂ ಹಾನಿ ಇದೆ ಎಂಬ ಸಾಕ್ಷ್ಯ ಸೇರುತ್ತಾ ಹೋದದ್ದೇ ಅದಕ್ಕೆ ಕಾರಣ.

ನೀಲಿ ಕ್ಯಾನ್ ಯಾಕೆ ಬಂತು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ಗಾಡಿಗಳಿಗೆ ಬಿಎಸ್-6 ಕಡ್ಡಾಯವಾಯಿತು. ಲಾರಿಯ ಲೆಕ್ಕದಲ್ಲಿ ಇದರ ಅರ್ಥ ದೊಡ್ಡದು. ಬಿಎಸ್-4ರಲ್ಲಿ ಒಂದು ಯೂನಿಟ್ ಶಕ್ತಿಗೆ 3.5 ಗ್ರಾಂವರೆಗೆ ನಾಕ್ಸ್ ಬಿಡಲು ಅವಕಾಶ ಇತ್ತು, ಬಿಎಸ್-6ರಲ್ಲಿ ಅದು ಅರ್ಧ ಗ್ರಾಂಗಿಂತಲೂ ಕಡಿಮೆ. ಎಂಜಿನ್ ಒಂದನ್ನೇ ತಿದ್ದಿ ಇಷ್ಟು ಇಳಿಸುವುದು ಕಷ್ಟ. ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಅದನ್ನು ತೊಳೆಯಲೇಬೇಕು.

ತೊಳೆಯುವುದರಲ್ಲಿ ಒಂದು ತೊಡಕಿದೆ, ಇಡೀ ಕಥೆಯ ಗಂಟು ಇದೇ. ಪೆಟ್ರೋಲ್ ಕಾರಿನಲ್ಲಿ ಗಾಳಿ-ಇಂಧನ ಸರಿಯಾಗಿ ಅಳೆದು ಉರಿಯುವುದರಿಂದ ಹೊಗೆಯಲ್ಲಿ ಆಮ್ಲಜನಕ ಹೆಚ್ಚೇನೂ ಉಳಿಯುವುದಿಲ್ಲ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಅದರ ಹೊಗೆಯಲ್ಲಿ 10 ಲಕ್ಷ ಅಣು ಎಣಿಸಿದರೆ ಆಮ್ಲಜನಕವೇ ಸುಮಾರು ಒಂದು ಲಕ್ಷ ಸಿಗುತ್ತದೆ. ನೈಟ್ರಿಕ್ ಆಕ್ಸೈಡ್ ಸಿಗುವುದು ಕೆಲವು ನೂರು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ನಿಮ್ಮ ಓಣಿಯ ನಾಲ್ಕು ಮಂದಿಯನ್ನು ಹುಡುಕಿದ ಹಾಗೆ. ನಾಕ್ಸ್ ಒಡೆಯಲಿ ಅಂತ ಏನನ್ನೇ ಕಳಿಸಿದರೂ ಅದು ದಾರಿಯಲ್ಲೇ ಆಮ್ಲಜನಕದ ಕೈಗೆ ಸಿಕ್ಕು ಸುಟ್ಟು ಹೋಗುತ್ತದೆ.

ಅಮೋನಿಯಾ ಮಾತ್ರ ಇದಕ್ಕೆ ಅಪವಾದ. ಸರಿಯಾದ ವೇಗವರ್ಧಕ, ಅಂದರೆ ಕ್ಯಾಟಲಿಸ್ಟ್, ಜೊತೆಗಿದ್ದರೆ ಅಮೋನಿಯಾ ಆ ಗದ್ದಲದಲ್ಲೂ ನಾಕ್ಸನ್ನೇ ಹುಡುಕಿ ಹಿಡಿಯುತ್ತದೆ. ಇಬ್ಬರೂ ಸೇರಿ ಮಾಮೂಲಿ ಸಾರಜನಕ ಮತ್ತು ನೀರಾಗುತ್ತಾರೆ. ವೇಗವರ್ಧಕ ಅಂದರೆ ಎಪಿಎಂಸಿ ದಲ್ಲಾಳಿಯ ಹಾಗೆ: ಇಬ್ಬರನ್ನು ಕೂಡಿಸಿ ವ್ಯಾಪಾರ ಕುದುರಿಸುತ್ತದೆ, ತಾನು ಮಾತ್ರ ಹಾಗೇ ಇರುತ್ತದೆ. ಕಮಿಷನ್ ತಗೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ. ಬಿಎಸ್-6 ಲಾರಿಗಳಲ್ಲಿ ಈ ದಲ್ಲಾಳಿ ಕೆಲಸ ಮಾಡುವುದು ಹೆಚ್ಚಾಗಿ ತಾಮ್ರ ಅಥವಾ ಕಬ್ಬಿಣ ಸೇರಿಸಿದ ಜಿಯೋಲೈಟ್, ಇಲ್ಲವೇ ವನೇಡಿಯಂ. ಬೆಳ್ಳಿ ಅಲ್ಲ.

ಅಮೋನಿಯಾ ಅನಿಲವನ್ನು ಲಾರಿಯಲ್ಲಿ ಹೊತ್ತು ತಿರುಗುವುದು ಅಪಾಯ. ಅದಕ್ಕೆ ಯೂರಿಯಾ ಕರಗಿಸಿದ ನೀರು ಒಯ್ಯುತ್ತಾರೆ. ಬಿಸಿ ಹೊಗೆಗೆ ಚಿಮುಕಿಸಿದಾಗ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಇದೇ ಡಿಇಎಫ್. ಆಡ್‌ಬ್ಲೂ ಅನ್ನುವುದು ಇದರ ಒಂದು ಟ್ರೇಡ್‌ಮಾರ್ಕ್ ಹೆಸರು, ಜರ್ಮನಿಯ ವಾಹನ ಉದ್ಯಮ ಸಂಘದ್ದು. ಇದರಲ್ಲಿ ತೂಕದ 32.5 ಭಾಗ ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. 100 ಲೀಟರ್ ಡೀಸೆಲಿಗೆ ಸುಮಾರು 3ರಿಂದ 6 ಲೀಟರ್ ಖರ್ಚಾಗುತ್ತದೆ, ಗಾಡಿ ಮತ್ತು ಹೊರೆ ನೋಡಿ ಹೆಚ್ಚುಕಡಿಮೆ. ಇದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಮೈಲೇಜ್ ಬರುತ್ತದೆ ಎಂಬ ಇನ್ನೊಂದು ಮೆಸೇಜೂ ಇದೆ. ದಯವಿಟ್ಟು ಸುರಿಯಬೇಡಿ. ಅದರ ಟ್ಯಾಂಕೇ ಬೇರೆ, ಡೀಸೆಲ್ ಟ್ಯಾಂಕಿಗೆ ಬಿದ್ದರೆ ಪಂಪು, ಇಂಜೆಕ್ಟರ್ ಹಾಳಾಗುತ್ತವೆ.

ಸೊಸೈಟಿ ಚೀಲದ ಯೂರಿಯಾ ಯಾಕೆ ಆಗದು

ಆಸೆ ಹುಟ್ಟುವುದು ಸಹಜ. ಲೆಕ್ಕ ಹಾಕಿ ನೋಡಿ. 45 ಕಿಲೋ ಚೀಲ ರೈತರಿಗೆ ಸಿಗುವುದು 266 ರೂಪಾಯಿ 50 ಪೈಸೆಗೆ. ಅಷ್ಟು ಯೂರಿಯಾದಿಂದ ಸುಮಾರು 125 ಲೀಟರ್ ದ್ರಾವಣ ಆಗುತ್ತದೆ. ಲೀಟರಿಗೆ ಎರಡು ರೂಪಾಯಿ ಚಿಲ್ಲರೆ. ಯೂಟ್ಯೂಬಿನಲ್ಲಿ ಬಕೆಟ್, ಕೋಲು ಹಿಡಿದು ಕಲಸಿ ತೋರಿಸುವವರಿಗೂ ಕೊರತೆ ಇಲ್ಲ.

ಆದರೆ ಡಿಇಎಫ್ ಗುಣಮಟ್ಟದಂತೆ ಒಂದು ಕಿಲೋ ದ್ರಾವಣದಲ್ಲಿ ಕ್ಯಾಲ್ಸಿಯಂ ಅರ್ಧ ಮಿಲಿಗ್ರಾಂ ಮೀರಬಾರದು. ಸೋಡಿಯಂ, ಪೊಟ್ಯಾಸಿಯಂ, ಕಬ್ಬಿಣಕ್ಕೂ ಅದೇ ಮಿತಿ. ಈಗ ಬೇವೂರು, ಯಲಬುರ್ಗಾ, ಕುಷ್ಟಗಿ ಕಡೆಯ ಬೋರ್ ನೀರನ್ನು ನೆನಪಿಸಿಕೊಳ್ಳಿ. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುತ್ತದೆ, ಕೆರೆದರೂ ಬರುವುದಿಲ್ಲ. ಆ ಪದರದಲ್ಲಿ ಹೆಚ್ಚಿನದು ಕ್ಯಾಲ್ಸಿಯಂ. ಗಡಸು ನೀರಿನಲ್ಲಿ ಅದು ಲೀಟರಿಗೆ ನೂರಾರು ಮಿಲಿಗ್ರಾಂ ಇರಬಹುದು. ಪಾತ್ರೆಗೆ ಆದದ್ದೇ ಡಿಇಎಫ್ ಚಿಮುಕಿಸುವ ಕೂದಲೆಳೆಯಂಥ ರಂಧ್ರಕ್ಕೂ, ಅದರ ಮುಂದಿನ ವೇಗವರ್ಧಕಕ್ಕೂ ಆಗುತ್ತದೆ. ಆರ್‌ಒ ನೀರು ಸಾಕಲ್ಲವೇ ಅಂತ ಕೇಳಬಹುದು. ಸಾಲದು. ಕುಡಿಯುವ ನೀರಿನ ಆರ್‌ಒ ಖನಿಜವನ್ನು ಕಡಿಮೆ ಮಾಡುತ್ತದೆಯೇ ಹೊರತು ಈ ಮಟ್ಟಕ್ಕೆ ಇಳಿಸುವುದಿಲ್ಲ.

ಯೂರಿಯಾದ ಕಥೆಯೂ ಅಷ್ಟೇ. 2015ರಿಂದ ದೇಶದ ಎಲ್ಲ ಕೃಷಿ ಯೂರಿಯಾಕ್ಕೂ ಬೇವಿನ ಎಣ್ಣೆ ಲೇಪ ಕಡ್ಡಾಯ. ಹೊಲದಲ್ಲಿ ಅದು ಒಳ್ಳೆಯದು, ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಗಾಡಿಯೊಳಗೆ ಅದೇ ಎಣ್ಣೆ ಜಿಡ್ಡಾಗುತ್ತದೆ. ಗೊಬ್ಬರದಲ್ಲಿ ಬಯುರೆಟ್ ಅನ್ನುವ ಕಲ್ಮಶ 1.5 ಭಾಗದವರೆಗೆ ಇರಲು ಅನುಮತಿ ಇದೆ, ಡಿಇಎಫ್ ದ್ರಾವಣದಲ್ಲಿ 0.3 ಭಾಗ ಮಾತ್ರ. ಅದು ಹೆಚ್ಚಾದರೆ ಪೈಪಿನೊಳಗೆ ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತದೆ.

ಇನ್ನೊಂದು ಮಾತು, ಇದು ಎಂಜಿನ್ನಿಗೆ ಸಂಬಂಧಿಸಿದ್ದಲ್ಲ. 2025ರ ಮುಂಗಾರಿನಲ್ಲಿ ಕೊಪ್ಪಳ ಜಿಲ್ಲೆಯ ರೈತರು ಯೂರಿಯಾಗಾಗಿ ಬೆಳಗಿನಿಂದ ಸಾಲು ನಿಂತಿದ್ದು ಮರೆಯುವಂಥದ್ದಲ್ಲ. ಸಬ್ಸಿಡಿ ಯೂರಿಯಾವನ್ನು ಕೃಷಿ ಬಿಟ್ಟು ಬೇರೆಯದಕ್ಕೆ ಬಳಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಪರಾಧ. ಆ ವಿಡಿಯೋ ನೋಡಿ ಕಲಸುವ ಪ್ರತಿ ಚೀಲವೂ ಯಾರದೋ ಮೆಕ್ಕೆಜೋಳಕ್ಕೆ ಸೇರಬೇಕಾಗಿದ್ದ ಚೀಲ.

ಬೆಳ್ಳಿಯ ಕಥೆ

ಯೂರಿಯಾ ಸಿಗದಿದ್ದರೆ ಲಾರಿಗಳ ಗತಿ ಏನು? ದಕ್ಷಿಣ ಕೊರಿಯಾ 2021ರ ಕೊನೆಯಲ್ಲಿ ಇದನ್ನು ಅನುಭವಿಸಿತು. ಚೀನಾ ಯೂರಿಯಾ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಅಲ್ಲಿನ ಡೀಸೆಲ್ ಲಾರಿಗಳು ನಿಲ್ಲುವ ಪರಿಸ್ಥಿತಿ ಬಂತು. ಕೊನೆಗೆ ಸೇನೆಯ ವಿಮಾನವನ್ನೇ ಆಸ್ಟ್ರೇಲಿಯಾಕ್ಕೆ ಕಳಿಸಿ ದ್ರಾವಣ ತರಿಸಿದರು. ಹೀಗಾಗಿ ಯೂರಿಯಾ ಇಲ್ಲದೆ ನಾಕ್ಸ್ ತೊಳೆಯಬಹುದೇ ಎಂಬ ಪ್ರಶ್ನೆ ಹುಚ್ಚು ಪ್ರಶ್ನೆ ಅಲ್ಲ. ಗಾಡಿಯಲ್ಲಿ ಹೇಗೂ ಡೀಸೆಲ್ ಇದೆ, ಅದರಲ್ಲೇ ಸ್ವಲ್ಪ ಚಿಮುಕಿಸಿ ಕೆಲಸ ಮುಗಿಸಿದರೆ ಎಷ್ಟು ಚೆಂದ!

ಇಲ್ಲಿಗೆ ಬೆಳ್ಳಿ ಬರುತ್ತದೆ. 1993ರಲ್ಲಿ ಜಪಾನಿನ ಸಂಶೋಧಕ ಮಿಯಾದೆರಾ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಯೂಮಿನಾ ಎಂಬ ಬಿಳಿ ಪುಡಿಯ ಮೇಲೆ ತುಸು ಬೆಳ್ಳಿ ಹರಡಿ, ಪ್ರೊಪೀನ್ ಅನಿಲ ಅಥವಾ ಎಥನಾಲ್‌ನಂಥದ್ದನ್ನು ಹೊಗೆಗೆ ಸೇರಿಸಿದರೆ, ಅಷ್ಟೊಂದು ಆಮ್ಲಜನಕದ ನಡುವೆಯೂ ನೈಟ್ರಿಕ್ ಆಕ್ಸೈಡ್ ಒಡೆಯುತ್ತದೆ ಎಂದು ತೋರಿಸಿದರು. ಅದರಲ್ಲೂ ಎಥನಾಲ್ ಜೊತೆ ಫಲಿತಾಂಶ ಬಹಳ ಚೆನ್ನಾಗಿತ್ತು. ನಮ್ಮ ಸಕ್ಕರೆ ಕಾರ್ಖಾನೆಗಳು ಕಬ್ಬಿನಿಂದ ತೆಗೆಯುವ ಅದೇ ಎಥನಾಲ್.

ಹೇಗೆ ಸಾಧ್ಯವಾಯಿತು? ಬೆಳ್ಳಿಯ ಮೇಲೆ ಇಂಧನ ಪೂರ್ತಿ ಸುಡುವುದಿಲ್ಲ, ಅರೆಬರೆ ಸುಡುತ್ತದೆ. ಆ ಅರೆಸುಟ್ಟ ತುಣುಕುಗಳು ಪುಡಿಯ ಮೇಲ್ಮೈಗೆ ಅಂಟಿ ಕೂತು ನಾಕ್ಸನ್ನು ಹಿಡಿಯುತ್ತವೆ. ಸಾರಜನಕ, ಇಂಗಾಲ, ಆಮ್ಲಜನಕ ಒಂದರ ಪಕ್ಕ ಒಂದು ಇರುವ ಐಸೊಸಯನೇಟ್ ಎಂಬ ಗುಂಪು ಹುಟ್ಟುತ್ತದೆ. ಹೊಗೆಯಲ್ಲೇ ಇರುವ ನೀರಾವಿ ಅದನ್ನು ಅಮೋನಿಯಾ ಮಾಡುತ್ತದೆ. ಆ ಅಮೋನಿಯಾ ಇನ್ನಷ್ಟು ನಾಕ್ಸ್ ಹಿಡಿದು ಸಾರಜನಕ ಮಾಡುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ ಭಾಗ. ಯೂರಿಯಾ ಒಡೆಯುವಾಗಲೂ ನಡುವೆ ಬರುವುದು ಐಸೊಸಯನಿಕ್ ಆಮ್ಲ, ಮೇಲೆ ಹೇಳಿದ್ದರ ಹತ್ತಿರದ ಸಂಬಂಧಿ. ಅಂದರೆ ಬೆಳ್ಳಿ ಅಮೋನಿಯಾವನ್ನು ಬಿಟ್ಟು ಬೇರೆ ದಾರಿ ಹಿಡಿದಿಲ್ಲ, ಹೊರಗಿನಿಂದ ತರುವ ಬದಲು ಸ್ಥಳದಲ್ಲೇ ತಯಾರಿಸಿಕೊಂಡಿದೆ.

ಹೆಚ್ಚು ಬೆಳ್ಳಿ ಹಾಕಿದರೆ ಹೆಚ್ಚು ಶುದ್ಧ ಅಂದುಕೊಂಡರೆ ಅದೂ ತಪ್ಪು. ಚೆನ್ನಾಗಿ ಕೆಲಸ ಮಾಡುವುದು ತೂಕದಲ್ಲಿ ಸುಮಾರು 2 ಭಾಗ ಬೆಳ್ಳಿ ಇದ್ದಾಗ. ಒಂದು ಕಿಲೋ ಪುಡಿಯಲ್ಲಿ 20 ಗ್ರಾಂ, ಒಂದು ಜೊತೆ ಕಾಲುಗೆಜ್ಜೆಗೂ ಸಾಲದಷ್ಟು. ಅಷ್ಟರಲ್ಲಿ ಬೆಳ್ಳಿ ಅತಿ ಚಿಕ್ಕ ಕಣಗಳಾಗಿ, ಒಂಟಿ ಅಯಾನುಗಳಾಗಿ ಹರಡಿಕೊಂಡಿರುತ್ತದೆ. ಜಾಸ್ತಿ ಹಾಕಿದರೆ ಕಣಗಳು ಕೂಡಿ ದೊಡ್ಡ ಬೆಳ್ಳಿ ಗುಂಡುಗಳಾಗುತ್ತವೆ. ಆ ಗುಂಡುಗಳು ಇಂಧನವನ್ನು ಪೂರ್ತಿ ಸುಟ್ಟುಬಿಡುತ್ತವೆ, ನಾಕ್ಸ್ ಪಾಲಿಗೆ ಏನೂ ಉಳಿಯುವುದಿಲ್ಲ.

ಹಾಗಾದರೆ ಲಾರಿಯಲ್ಲಿ ಯಾಕಿಲ್ಲ?

ಮುಚ್ಚಿಟ್ಟಿದ್ದಕ್ಕಲ್ಲ. 1993ರಿಂದ ಇಂದಿನವರೆಗೆ ಇದರ ಮೇಲೆ ನೂರಾರು ಪ್ರಬಂಧಗಳು ಬಹಿರಂಗವಾಗಿ ಪ್ರಕಟವಾಗಿವೆ, ವಾಹನ ಕಂಪನಿಗಳೇ ಹಣ ಹಾಕಿ ಪರೀಕ್ಷಿಸಿವೆ. ಸಿಕ್ಕಿಬಿದ್ದದ್ದು ಬೇರೆ ಕಡೆ.

ಮೊದಲನೆಯದಾಗಿ ಕಾವು. ಬೆಳ್ಳಿ ಹುರುಪಿನಿಂದ ದುಡಿಯುವುದು 350ರಿಂದ 500 ಡಿಗ್ರಿ ಆಸುಪಾಸಿನಲ್ಲಿ. ಹೆದ್ದಾರಿಯಲ್ಲಿ ಹೊರೆ ಹೊತ್ತು ಓಡುವ ಲಾರಿಯ ಹೊಗೆ ಅಲ್ಲಿಗೆ ಹತ್ತಿರ ಬರಬಹುದು. ಪೇಟೆಯಲ್ಲಿ ನಿಂತು ನಿಂತು ಸಾಗುವಾಗ, ಖಾಲಿ ಗಾಡಿ ಓಡಿಸುವಾಗ ಹೊಗೆ 200 ಡಿಗ್ರಿಯೂ ಇರುವುದಿಲ್ಲ. ತಾಮ್ರದ ಜಿಯೋಲೈಟ್ ಅಮೋನಿಯಾ ಸಿಕ್ಕರೆ ಅಷ್ಟು ತಣ್ಣಗಿದ್ದಾಗಲೂ ಕೆಲಸ ಶುರು ಮಾಡುತ್ತದೆ.

2000ದಲ್ಲಿ ಸತೊಕಾವಾ ಎಂಬ ಇನ್ನೊಬ್ಬ ಜಪಾನಿ ಸಂಶೋಧಕರು ಇದಕ್ಕೊಂದು ಸೊಗಸಾದ ಉಪಾಯ ಕಂಡರು. ತುಸು ಹೈಡ್ರೋಜನ್ ಸೇರಿಸಿದರೆ ಬೆಳ್ಳಿ ಬಹಳ ಕಡಿಮೆ ಕಾವಿನಲ್ಲೇ ಎಚ್ಚರಗೊಳ್ಳುತ್ತದೆ. ಆದರೆ ಲಾರಿಯಲ್ಲಿ ಹೈಡ್ರೋಜನ್ ಎಲ್ಲಿಂದ ತರುವುದು? ಡೀಸೆಲಿನಿಂದ ಅಲ್ಲೇ ತಯಾರಿಸುವ ಇನ್ನೊಂದು ಯಂತ್ರ ಬೇಕು. ಯೂರಿಯಾ ಟ್ಯಾಂಕ್ ಬೇಡ ಅಂತ ಹೊರಟವರು ಅದಕ್ಕಿಂತ ದೊಡ್ಡ ಗಂಟು ಹೊರಬೇಕಾಯಿತು.

ಎರಡನೆಯದು ಗಂಧಕ. ಮನೆಯ ಬೆಳ್ಳಿ ದೀಪ, ಕುಂಕುಮದ ಬಟ್ಟಲು ಹಬ್ಬ ಬಂದಾಗಲೆಲ್ಲ ಕಪ್ಪಾಗಿರುತ್ತವಲ್ಲ, ಗಾಳಿಯಲ್ಲಿನ ಗಂಧಕದ ಅನಿಲಗಳ ಕೆಲಸ ಅದು. ವೇಗವರ್ಧಕದಲ್ಲಿ ನಡೆಯುವ ಕ್ರಿಯೆ ತುಸು ಬೇರೆ, ಅಲ್ಲಿ ಬೆಳ್ಳಿ ಮತ್ತು ಅಲ್ಯೂಮಿನಾ ಎರಡರ ಮೇಲೂ ಸಲ್ಫೇಟ್ ಕೂರುತ್ತದೆ. ದೋಷಿ ಮಾತ್ರ ಅದೇ ಗಂಧಕ. ಬಿಎಸ್-6 ಡೀಸೆಲಿನಲ್ಲಿ ಗಂಧಕ 10 ಲಕ್ಷಕ್ಕೆ 10 ಭಾಗಕ್ಕೆ ಇಳಿದಿದೆ, ಬಿಎಸ್-4ರಲ್ಲಿ 50 ಇತ್ತು. ಅಷ್ಟು ಕಡಿಮೆಯಾದರೂ ಲಕ್ಷಾಂತರ ಕಿಲೋಮೀಟರ್ ಓಡುವ ಗಾಡಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗುತ್ತದೆ. ಗಿಣಿಗೇರಾ ಕಡೆಯ ಕಾರ್ಖಾನೆಗಳ ಚಿಮಣಿಗೆ ಬೆಳ್ಳಿ ಹಾಕಬಾರದೇ ಎಂದು ಕೇಳುವವರಿಗೂ ಇದೇ ಉತ್ತರ. ಕಲ್ಲಿದ್ದಲ ಹೊಗೆಯಲ್ಲಿ ಗಂಧಕವೂ ಬೂದಿಯೂ ಎಷ್ಟೋ ಪಟ್ಟು ಹೆಚ್ಚು, ಬೆಳ್ಳಿ ಅಲ್ಲಿ ಬಾಳುವುದಿಲ್ಲ.

ಉಳಿದ ಕಾರಣಗಳು ಚಿಕ್ಕವು. ಹೊಗೆಗೆ ಚಿಮುಕಿಸುವ ಡೀಸೆಲ್ ಅಷ್ಟರ ಮಟ್ಟಿಗೆ ಮೈಲೇಜ್ ತಿನ್ನುತ್ತದೆ. ತಣ್ಣಗಿದ್ದಾಗ ಮಸಿ ಕಟ್ಟುತ್ತದೆ. ಅರೆಬರೆ ಸುಟ್ಟದ್ದರಿಂದ ಕಾರ್ಬನ್ ಮಾನಾಕ್ಸೈಡ್, ಅಸಿಟಾಲ್ಡಿಹೈಡ್‌ನಂಥವು ಹೊರಬರುತ್ತವೆ, ಅವನ್ನು ಸುಡಲು ಇನ್ನೊಂದು ವೇಗವರ್ಧಕ ಬೇಕು.

ಹಾಗಂತ ಬೆಳ್ಳಿ ಕೆಲಸಕ್ಕೆ ಬಾರದ್ದು ಅಂತಲ್ಲ. ಪ್ಲೈವುಡ್ ಅಂಟಿಗೆ ಬೇಕಾದ ಫಾರ್ಮಾಲ್ಡಿಹೈಡ್, ಪಾಲಿಯೆಸ್ಟರ್ ಬಟ್ಟೆಯ ದಾರಿಯಲ್ಲಿ ಬರುವ ಎಥಿಲೀನ್ ಆಕ್ಸೈಡ್, ಇವನ್ನು ಜಗತ್ತಿನ ಎಷ್ಟೋ ಕಾರ್ಖಾನೆಗಳು ಬೆಳ್ಳಿ ವೇಗವರ್ಧಕದಿಂದ ತಯಾರಿಸುತ್ತವೆ. ಅರೆಬರೆ ಸುಡುವ ಅದೇ ಗುಣ ಅಲ್ಲಿ ವರ.

ಕಳ್ಳರಿಗೆ ಬೇಕಾದದ್ದು ಏನು

ಸೈಲೆನ್ಸರ್ ಕಳ್ಳತನ ನಿಜ. ಗುಜರಾತ್, ಮುಂಬೈ, ದೆಹಲಿಗಳಲ್ಲಿ ಈಕೋ ವ್ಯಾನುಗಳ ಸೈಲೆನ್ಸರ್ ಬಿಚ್ಚುವ ಗ್ಯಾಂಗುಗಳನ್ನು ಪೊಲೀಸರು ಹಿಡಿದಿದ್ದಾರೆ. ಅವರು ಹುಡುಕುವುದು ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಪೆಟ್ರೋಲ್ ಕಾರಿನಲ್ಲಿ ನಾಕ್ಸ್ ಒಡೆಯುವುದು ಮುಖ್ಯವಾಗಿ ರೋಡಿಯಂ. ಬೆಳ್ಳಿ 962 ಡಿಗ್ರಿಗೇ ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಅದರ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೆಟ್ರೋಲ್ ಎಂಜಿನ್ನಿನ ಬಿಸಿಗೆ ಅದು ತಡೆಯದು. ಹಾಗಾಗಿ ಹಳೆಯ ಸೈಲೆನ್ಸರ್ ಕರಗಿಸಿ ಬೆಳ್ಳಿ ತೆಗೆಯಲು ಹೊರಟರೆ ಸಿಗುವುದು ಮಣ್ಣಿನಂಥ ಪುಡಿ, ಕೆಮ್ಮು.

ಬೈಪಾಸ್ ಪೆಟ್ಟಿಗೆ

ಮೆಸೇಜುಗಳಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಬೆಳ್ಳಿಯೂ ಅಲ್ಲ, ಬಕೆಟ್ ಯೂರಿಯಾವೂ ಅಲ್ಲ. ಡಿಇಎಫ್ ಖಾಲಿಯಾದರೆ ಬಿಎಸ್-6 ಗಾಡಿ ಮೊದಲು ಎಚ್ಚರಿಸುತ್ತದೆ, ಆಮೇಲೆ ಎಂಜಿನ್ನಿನ ಎಳೆತ ತಗ್ಗಿಸುತ್ತದೆ. ಇದನ್ನು ತಪ್ಪಿಸಲು ಎಲ್ಲವೂ ಸರಿ ಇದೆ ಅಂತ ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳುವ ಚಿಕ್ಕ ಪೆಟ್ಟಿಗೆ ಮಾರುತ್ತಾರೆ. ಹೊಗೆ ತೊಳೆಯುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಹೀಗೆ ಮಾರ್ಪಡಿಸುವಂತಿಲ್ಲ.

ಆದರೆ ಹಿಡಿಯುವುದು ಹೇಗೆ? ಡೀಸೆಲ್ ಗಾಡಿಯ ಪಿಯುಸಿ ಪರೀಕ್ಷೆಯಲ್ಲಿ ಅಳೆಯುವುದು ಹೊಗೆಯ ದಟ್ಟಣೆ, ಅಂದರೆ ಕಪ್ಪು ಎಷ್ಟು ಎಂದು. ನಾಕ್ಸ್ ಅಳೆಯುವುದೇ ಇಲ್ಲ. ಬೈಪಾಸ್ ಮಾಡಿದ ಲಾರಿ ಕಪ್ಪು ಹೊಗೆ ಬಿಡದೆ ಪಿಯುಸಿ ಪಾಸಾಗಿ ಹೆದ್ದಾರಿಯಲ್ಲಿ ಓಡಬಹುದು. ನೋಡಿದವರಿಗೂ ಗೊತ್ತಾಗದು, ಪಕ್ಕದ ಊರವರಿಗೂ ಗೊತ್ತಾಗದು. ಜಗತ್ತಿನ ದೊಡ್ಡ ಕಂಪನಿ ಫೋಕ್ಸ್‌ವ್ಯಾಗನ್ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ನಾಕ್ಸ್ ತಗ್ಗಿಸುವ ಸಾಫ್ಟ್‌ವೇರ್ ಹಾಕಿ ಸುಮಾರು 1.1 ಕೋಟಿ ಕಾರು ಮಾರಿದ್ದು 2015ರಲ್ಲಿ ಬಯಲಾಯಿತು. ಅದು ಗೊತ್ತಾದದ್ದೂ ರಸ್ತೆಯ ಮೇಲೆ ಓಡುವ ಕಾರಿಗೆ ಯಂತ್ರ ಕಟ್ಟಿ ಅಳೆದಾಗಲೇ. ಹೊಸಪೇಟೆಯಿಂದ ಕುಷ್ಟಗಿ ಮೇಲೆ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಅಂಗಡಿ, ಶಾಲೆ, ಮನೆ ಇರುವವರಿಗೆ ಇದು ದೂರದ ವಿಷಯವಲ್ಲ.

ಮಾವನಿಗೆ ಕೊನೆಗೆ ಹೇಳಿದ್ದು ಇಷ್ಟು. ಕ್ಯಾನ್ ಕೊಳ್ಳುವಾಗ ಐಎಸ್‌ಒ 22241 ಎಂಬ ಗುರುತು ಮತ್ತು ತಯಾರಿಕೆಯ ದಿನಾಂಕ ನೋಡು. ಬಿಸಿಲಿನಲ್ಲಿ, ಕ್ಯಾಬಿನ್ ಮೇಲೆ ಇಡಬೇಡ. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳುವ ದ್ರಾವಣ 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ ಬಾಳುತ್ತದೆ, ನಮ್ಮ ಬೇಸಿಗೆ 40 ದಾಟುತ್ತದೆ. ತುಂಬುವಾಗ ಎಣ್ಣೆ ಹಚ್ಚಿದ ಲಾಳಿಕೆ, ಹಳೆ ಡಬ್ಬಿ ಬಳಸಬೇಡ. ಟ್ಯಾಂಕಿಗೆ ತಪ್ಪಿ ಬೇರೆ ಏನಾದರೂ ಬಿದ್ದರೆ ಕೀ ತಿರುಗಿಸಲೇಬೇಡ, ಮೊದಲು ಟ್ಯಾಂಕ್ ಖಾಲಿ ಮಾಡಿಸು. ಒಮ್ಮೆ ಪಂಪು ಎಳೆದುಕೊಂಡರೆ ಖರ್ಚು ಟ್ಯಾಂಕ್ ತೊಳೆಯುವುದಕ್ಕೆ ಮುಗಿಯುವುದಿಲ್ಲ.